ಕೆಟ್ಟೂರಿಗೊಂದು ಮಂಗಳ

ಅತ್ತೆ,

ಮೊದಲು ಕನ್ನಡಕ ಹಾಕಿಕೊಳ್ಳಿ. ಟಿ.ವಿ. ಹಿಂದೆ ಹುಡುಕಬೇಡಿ, ತಲೆಯ ಮೇಲೇ ಇರುತ್ತದೆ. ಸಿಕ್ಕಿತಾ? ಈಗ ಕೂತುಕೊಂಡು ಓದಿ, ನಿಂತು ಓದುವಷ್ಟು ಚಿಕ್ಕ ಕಾಗದವಲ್ಲ ಇದು. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಎನ್ನುತ್ತೀರಿ, ಗೊತ್ತು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ಕೈ, ಕನ್ನಡ ಬರೆಯುವಾಗ ಸ್ವಲ್ಪ ಸೊಟ್ಟಗಾಗುತ್ತದೆ, ಹೊಂದಿಸಿಕೊಳ್ಳಿ. ಭಾನುವಾರ ಮಂಡಿಯಲ್ಲಿ ನಡೆದದ್ದನ್ನು ನಿಮಗೆ ಹೇಳಬೇಕು. ನಿಮ್ಮ ಮಗನ ಹತ್ತಿರ ಹೇಳಲು ಹೋದೆ, "ನಾನೂ ಅಲ್ಲೇ ಇದ್ನಲ್ಲೇ" ಅಂದರು. ಅಲ್ಲಿದ್ದವರಿಗೇ ಹೇಳಿದರೆ ಏನು ಸುಖ? ಅಲ್ಲಿಲ್ಲದವರು ನೀವೊಬ್ಬರೇ.

ನಿಮ್ಮ ಮಗ ಅಟ್ಟದಿಂದ ಆ ಹಳೆಯ ಪ್ರೊಜೆಕ್ಟರ್ ಇಳಿಸಿದ ದಿನ ನೆನಪಿದೆಯಾ? ಮದುವೆ ಮನೆಗಳಲ್ಲೆಲ್ಲ ಎಲ್‌ಇಡಿ ಪರದೆ ಬಂದಮೇಲೆ ಅದನ್ನು ಬಾಡಿಗೆಗೆ ಕೇಳುವವರೇ ಇರಲಿಲ್ಲ. ಮಾರಿಬಿಡುತ್ತೇನೆ ಅಂದರು. ನಾನು ಬೇಡ ಅಂದೆ. ನನಗೊಂದು ಹುಚ್ಚಿತ್ತು, ನಿಮಗೆ ಗೊತ್ತಿದ್ದದ್ದೇ. ಲೋಕ ಮುಂದೊಂದು ದಿನ ಕೆಟ್ಟುಹೋದರೆ ಹೇಗಿರುತ್ತದೆ ಎಂದು ಊಹಿಸಿ, ಬೇರೆ ಬೇರೆ ದೇಶದವರು ತೆಗೆದ ಹಳೆಯ ಸಿನಿಮಾಗಳು. ಮನುಷ್ಯರಿಗೆ ಹೆಸರಿನ ಬದಲು ನಂಬರು ಕೊಡುವ ಊರು, ಗೋಡೆಗೋಡೆಗೂ ಕಿವಿ ಇಟ್ಟಿರುವ ಊರು, ಇಂಥವು. ಅವನ್ನು ಶ್ರೀನಿವಾಸಪುರದ ಜನಕ್ಕೆ ತೋರಿಸಬೇಕು ಎಂಬ ಹುಚ್ಚು. ಜಾಗಕ್ಕೆ ನಿಮ್ಮ ತಮ್ಮನ ಮಾವಿನ ಮಂಡಿ ಸಿಕ್ಕಿತು. ಕಾಯಿ ಬರುವ ಮೂರು ತಿಂಗಳು ಬಿಟ್ಟರೆ ಅಲ್ಲಿ ಏನಿರುತ್ತದೆ? ಖಾಲಿ ಕ್ರೇಟು, ಒಣಹುಲ್ಲು, ಎಲ್ಲೋ ಮೂಲೆಯಲ್ಲಿ ಉಳಿದ ಹಣ್ಣಿನ ವಾಸನೆ. ನಾನು 'ದುಃಸ್ವಪ್ನದ ನಾಳೆಗಳು' ಎಂದು ದೊಡ್ಡದಾಗಿ ಬರೆಸಿ ಬಸ್ ಸ್ಟ್ಯಾಂಡಿನವರೆಗೂ ಅಂಟಿಸಿದೆ. ನೀವು ಬಾಗಿಲಲ್ಲಿ ನಿಂತು ಅದನ್ನು ಅಕ್ಷರ ಕೂಡಿಸಿ ಓದಿ, "ಕಾಸು ಕೊಟ್ರೂ ಯಾರೂ ಕೆಟ್ಟ ಕನಸು ನೋಡಲ್ಲ ಅಮ್ಮಾಯಿ, ನೀನು ಪುಕ್ಸಟ್ಟೆ ತೋರಿಸ್ತೀನಿ ಅಂತೀಯ" ಅಂದಿರಿ. ನಿಮ್ಮ ತವರಿನ ತೆಲುಗಿನಲ್ಲಿ ನಾನು ಇವತ್ತಿಗೂ ಹುಡುಗಿಯೇ, ಅಮ್ಮಾಯಿ.

ಮೊದಲ ಭಾನುವಾರ ನೀವು ಹೇಳಿದ ಹಾಗೇ ಆಗಬೇಕಿತ್ತು. ನನ್ನ ವಿದ್ಯಾರ್ಥಿಗಳು ಕೆಲವರು ಬಂದು ಹಿಂದೆ ಕೂತರು. ನಮ್ಮ ಬೀದಿಯ ಹೆಂಗಸರು ಬಂದದ್ದು ಸಿನಿಮಾಕ್ಕಲ್ಲ, ನೀವು ಕರೆದಿರಿ ಎಂದು. ಪರದೆಯ ಮೇಲೆ ಕಪ್ಪುಬಿಳುಪಿನ ಜನ ಏನೋ ಮಾತಾಡುತ್ತಿದ್ದರು, ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿತ್ತು. ಸ್ವಲ್ಪ ಹೊತ್ತಿಗೆಲ್ಲ ಕ್ರೇಟುಗಳು ಕಿರಗುಟ್ಟಲು ಶುರುವಾದವು. ಆಗ ನಮ್ಮ ಪಕ್ಕದ ಮನೆಯ ತಾಯಕ್ಕ ನಿಮ್ಮ ಕಿವಿಯಲ್ಲಿ, "ಏನಂತೆ ನಾಗಕ್ಕ, ಯಾಕಂಗ್ ಓಡ್ತಾವ್ನೆ?" ಎಂದು ಕೇಳಿದ್ದು. ನೀವು ಕಣ್ಣಿಗೆ ಕಂಡದ್ದನ್ನು ಊಹಿಸಿ ಹೇಳಿದ್ದು. ಹಿಂದಿನ ಸಾಲಿನವರು ನಮಗೂ ಹೇಳಿ ಅಂದದ್ದು. ನಾನು ತಿರುಗಿ 'ಶ್ಶ್' ಅಂದೆ, ತರಗತಿಯಲ್ಲಿ ಅನ್ನುವ ಹಾಗೆ. ನಿಮ್ಮ ಮಗ ಮದುವೆಯ ಮೈಕನ್ನು ತಂದು ನಿಮ್ಮ ಕೈಗೆ ಕೊಟ್ಟರು. ಯಾರ ಕಡೆಯವರು ಎಂದು ಅವತ್ತು ಗೊತ್ತಾಯಿತು ನನಗೆ.

ಶನಿವಾರದ ಮಧ್ಯಾಹ್ನಗಳು ಆಮೇಲೆ ಶುರುವಾದವು. ಸ್ಟೂಲಿನ ಮೇಲೆ ನನ್ನ ಲ್ಯಾಪ್‌ಟಾಪು, ಅದರ ಮುಂದೆ ನಾವಿಬ್ಬರು, ಮಧ್ಯೆ ನೀರಲ್ಲಿ ನೆನೆದ ಅವರೆಕಾಳಿನ ಬೇಸಿನ್ನು. ಕಾಲ ಅವರೆಯದು, ಮನೆಯಲ್ಲಿ ದಿನಾ ಹಿತಕಿದ ಬೇಳೆ ಸಾರು. ನಾಳಿನ ಸಿನಿಮಾ ಇವತ್ತೇ ನೋಡಿಬಿಡೋಣ, ಇಲ್ಲದಿದ್ದರೆ ಮೈಕಿನಲ್ಲಿ ಏನು ಹೇಳಲಿ ಎಂದು ನಿಮ್ಮ ಹಟ. ಸಿನಿಮಾದವರು ಮಾತಾಡಿದ್ದನ್ನು ನಾನು ಕನ್ನಡದಲ್ಲಿ ಹೇಳುವುದು, ನೀವು ಬೆರಳ ತುದಿಯಲ್ಲಿ ಕಾಳು ಒತ್ತಿ ಬೇಳೆ ಚಿಮ್ಮಿಸುತ್ತಾ ಕೇಳುವುದು. ಏನೇನು ಕೇಳುತ್ತಿದ್ದಿರಿ! ಇವನಿಗೆ ಅಮ್ಮ ಇಲ್ಲವಾ? ಇವರು ಅಡುಗೆ ಎಲ್ಲಿ ಮಾಡುತ್ತಾರೆ? ಹಬ್ಬ ಇಲ್ಲವಾ ಈ ಊರಿಗೆ? ಆ ನಿರ್ದೇಶಕರಿಗೆ ಹೊಳೆಯದ ಪ್ರಶ್ನೆಗಳು. ಎಷ್ಟೋ ಸಲ ನನಗೆ ಸಿಡುಕು ಬರುತ್ತಿತ್ತು. ಮತ್ತೆ ಸೋಮವಾರ ತರಗತಿಗೆ ಹೋಗಿ ಅದೇ ಪ್ರಶ್ನೆಗಳನ್ನು ನನ್ನವೇ ಎನ್ನುವ ಹಾಗೆ ಕೇಳುತ್ತಿದ್ದೆ.

ಕೆಟ್ಟೂರು ಎಂಬ ಹೆಸರನ್ನು ನೀವಿಟ್ಟದ್ದು ಎರಡನೆಯ ವಾರ. ಆ ಚಿತ್ರ ಬೇರೆ ದೇಶದ್ದು, ತೆಗೆದವರೂ ಬೇರೆ, ಕಥೆಯೂ ಬೇರೆ ಎಂದು ನಾನು ಬಾಯಿ ನೋಯುವ ಹಾಗೆ ವಿವರಿಸಿದ್ದೆ. ನೀವು ಮೈಕು ಹಿಡಿದು, "ಹೋದ ವಾರ ಕೆಟ್ಟೂರಲ್ಲಿ ಜನಕ್ಕೆ ನಂಬರು ಹೊಡೆದ್ರಲ್ಲ, ಈಗ ಅದೇ ಊರಲ್ಲಿ ಇನ್ನೊಂದು ಕೇಡು ನಡೀತೈತೆ ನೋಡಿ" ಎಂದು ಶುರುಮಾಡಿದಿರಿ. ಅಲ್ಲಿಗೆ ಮುಗಿಯಿತು. ಲೋಕದ ಸಿನಿಮಾಗಳೆಲ್ಲ ಒಂದೇ ಊರಿನವಾದವು. ಬಸ್ಸಿನಲ್ಲಿ ಗುರುತೇ ಇಲ್ಲದ ಹೆಂಗಸರು, "ಮೇಡಮ್ಮ, ಈ ವಾರ ಕೆಟ್ಟೂರಲ್ಲಿ ಏನು?" ಎಂದು ಕೇಳತೊಡಗಿದರು. ಮುಳಬಾಗಿಲು ಕಡೆಯಿಂದ, ಬೈರಕೂರಿನಿಂದೆಲ್ಲ ಟೆಂಪೋ ಮಾಡಿಕೊಂಡು ಬಂದರು. ನಾನು ಅಂಟಿಸಿದ 'ದುಃಸ್ವಪ್ನದ ನಾಳೆಗಳು' ಬಸ್ ಸ್ಟ್ಯಾಂಡಿನ ಗೋಡೆಯಲ್ಲಿ ಹಸು ತಿಂದು ಅರ್ಧ ಉಳಿದಿತ್ತು. ಉಳಿದದ್ದು 'ನಾಳೆಗಳು' ಮಾತ್ರ.

ಆದರೆ ನೆನಪು ಕಳೆದುಕೊಂಡವನ ಸಿನಿಮಾ ತೋರಿಸಿದ ದಿನ ನಮ್ಮಿಬ್ಬರಿಗೂ ಜಗಳವಾಯಿತಲ್ಲ, ಅದನ್ನು ಹೇಳದೆ ಮುಂದೆ ಹೋಗಲಾರೆ. ಕೆಟ್ಟೂರಿನ ದೊಡ್ಡವರು ಎದುರುತ್ತರ ಕೊಟ್ಟವನ ತಲೆಯಿಂದ ನೆನಪನ್ನೆಲ್ಲ ಒರೆಸಿಬಿಡುತ್ತಾರೆ. ಹೆಂಡತಿ ಎದುರಿಗೆ ಬಂದು ನಿಂತರೂ ಅವನಿಗೆ ಗುರುತು ಸಿಗುವುದಿಲ್ಲ. ಅಲ್ಲಿಗೆ ಚಿತ್ರ ಮುಗಿಯುತ್ತದೆ, ಅಲ್ಲಿಗೇ ಮುಗಿಯಬೇಕು. ಪರದೆ ಬಿಳಿಯಾಯಿತು, ಟ್ಯೂಬ್‌ಲೈಟು ಹತ್ತಿತು. ನೀವು ಮೈಕು ಕೆಳಗಿಡಲಿಲ್ಲ. ಆ ಹೆಂಡತಿ ದಿನಾ ಅವನ ಮುಂದೆ ತಟ್ಟೆ ಇಟ್ಟಳು ಎಂದಿರಿ. ಯಾರು ನೀನು ಎಂದು ಅವನು ಕೇಳುತ್ತಲೇ ಉಂಡ ಎಂದಿರಿ. ಹೀಗೇ ಎಷ್ಟೋ ದಿನ. "ಒಂದಿನ ಉಪ್ಪು ಕಮ್ಮಿ ಅಂದ. ನೀನು ಯಾವಾಗ್ಲೂ ಹಿಂಗೇ, ಉಪ್ಪು ಕಮ್ಮಿ ಹಾಕ್ತೀಯ ಅಂದ." ಅಷ್ಟೇ ಹೇಳಿ ನಿಲ್ಲಿಸಿದಿರಿ. ಮಂಡಿಯಲ್ಲಿದ್ದವರೆಲ್ಲ ಒಟ್ಟಿಗೇ ಉಸಿರುಬಿಟ್ಟರು. ನೀವು "ಗೋವಿಂದಾ" ಅಂದಿರಿ, ಅವರು "ಗೋವಿಂದ" ಅಂದರು. "ಕಥ ಕಂಚಿಕಿ, ಮನಮು ಇಂಟಿಕಿ" ಎಂದು ಮೈಕು ಇಟ್ಟಿರಿ. ಕಥೆ ಕಂಚಿಗೆ, ನಾವು ಮನೆಗೆ. ಪುಂಗನೂರು ಕಡೆಯ ನಿಮ್ಮ ತವರಿನಲ್ಲಿ ಕಥೆ ಮುಗಿಸುವುದೇ ಹಾಗಂತೆ.

ನಾನು ಉರಿದುಹೋದೆ. ಆ ಸಿನಿಮಾ ಮಾಡಿದವನು ಹೆದರಿಸಲಿಕ್ಕೆಂದೇ ಮಾಡಿದ್ದು, ಹೆದರಿದರೆ ತಾನೇ ಜನ ಎಚ್ಚರವಾಗುವುದು, ನೀವು ತಟ್ಟಿ ಮಲಗಿಸಿಬಿಟ್ಟಿರಿ ಎಂದು ಮನೆಗೆ ಬರುವವರೆಗೂ ಅಂದೆ. ನೀವು ಚಪ್ಪಲಿ ಬಿಟ್ಟು, ಕಾಲು ತೊಳೆದು, ಒಲೆಯ ಮುಂದೆ ಬಂದ ಮೇಲೆ ಬಾಯಿ ತೆರೆದದ್ದು. ನಿಮ್ಮಪ್ಪ ಊರೂರು ತಿರುಗಿ ಹರಿಕಥೆ ಮಾಡುತ್ತಿದ್ದವರು. ರಾಮ ಕಾಡಿಗೆ ಹೋದ ದಿನ, ಅಭಿಮನ್ಯು ಸತ್ತ ದಿನ ಕಥೆ ನಿಲ್ಲಿಸುತ್ತಿರಲಿಲ್ಲವಂತೆ. ಎಷ್ಟೇ ಹೊತ್ತಾಗಲಿ, ಒಂದು ಮದುವೆಗೋ ಒಂದು ಪಟ್ಟಾಭಿಷೇಕಕ್ಕೋ ತಂದು, ಮಂಗಳ ಹಾಡಿಯೇ ಏಳುತ್ತಿದ್ದರಂತೆ. "ನಿಂಗೆ ಅದು ಸುಳ್ಳು ಅನ್ಸುತ್ತೆ ಕಣೇ ಅಮ್ಮಾಯಿ. ಆದ್ರೆ ಕೇಳ್ದೋರು ಆಮೇಲೆ ಕತ್ತಲಲ್ಲಿ ಒಬ್ಬೊಬ್ರೇ ಮನೆಗೆ ನಡೀಬೇಕಲ್ಲ? ಕೈಗೆ ಏನೂ ಕೊಡ್ದೆ ಕಳಿಸೋದಾ?" ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಆ ವಾರವೆಲ್ಲ ನಾವು ಪಾತ್ರೆಗಳ ಮೂಲಕ ಮಾತಾಡಿದೆವು. ನೀವು ಮುಚ್ಚಳ ಜೋರಾಗಿ ಮುಚ್ಚುವುದು, ನಾನು ಲೋಟ ಕುಕ್ಕುವುದು. ನಡುವೆ ನಿಮ್ಮ ಮಗ, ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ. ಕೊನೆಗೆ ನೀವೇ ನನ್ನ ತಟ್ಟೆಗೆ ಇನ್ನೊಂದು ಸೌಟು ಬೇಳೆ ಸಾರು ಬಡಿಸಿ, ಉಪ್ಪು ಸರಿಯಾಗಿದೆಯಾ ಎಂದು ಕೇಳಿದಿರಿ. ನನಗೆ ನಗು ತಡೆಯಲಾಗಲಿಲ್ಲ. ಅವತ್ತು ಒಪ್ಪಂದವಾಯಿತು. ಸಿನಿಮಾ ಮುಗಿಯುವವರೆಗೆ ನನ್ನದು, ಒಂದಕ್ಷರ ಬದಲಿಸುವ ಹಾಗಿಲ್ಲ. ಟ್ಯೂಬ್‌ಲೈಟು ಹತ್ತಿದ ಮೇಲೆ ನಿಮ್ಮದು, ನಾನು ಬಾಯಿ ಹಾಕುವ ಹಾಗಿಲ್ಲ. ಇಂಥ ಒಪ್ಪಂದ ಬೇರೆ ಯಾವ ಊರಿನಲ್ಲಾದರೂ ಇದ್ದೀತಾ?

ಕೊನೆಯ ಸಿನಿಮಾವನ್ನು ನಾವು ನೋಡಿದ ಆ ಶನಿವಾರ... ಬೀಜದ ಸಿನಿಮಾ. ಕೆಟ್ಟೂರಿನಲ್ಲಿ ಬಿತ್ತುವುದೇ ಅಪರಾಧ. ಊಟದ ಬದಲು ಮಾತ್ರೆಯಂಥ ಬಿಲ್ಲೆ ಕೊಡುತ್ತಾರೆ, ಬೀಜವನ್ನೆಲ್ಲ ಮನೆಮನೆಯಿಂದ ಕಿತ್ತು ಕುಲುಮೆಗೆ ಹಾಕುತ್ತಾರೆ. ಕಾರ್ಖಾನೆಯಲ್ಲಿ ದುಡಿಯುವ ಒಬ್ಬಳು ಒಂದು ಹಿಡಿ ಬೀಜ ಬಚ್ಚಿಟ್ಟುಕೊಂಡಿರುತ್ತಾಳೆ. ನೀವು ಅವಳಿಗೆ ಚಿನ್ನಮ್ಮ ಎಂದು ಹೆಸರಿಟ್ಟಿರಿ. ಅದನ್ನು ಲಂಗದ ಅಂಚಿನಲ್ಲಿ ಹೊಲಿದುಕೊಂಡು, ಗೋಡೆಯಾಚೆಗೆ ದಾಟಿಸಬೇಕೆಂದು ಹೊರಡುತ್ತಾಳೆ. ಸಿಕ್ಕಿಬೀಳುತ್ತಾಳೆ. ಅಂಚು ಬಿಚ್ಚಿ, ಅವಳ ಕೈಯಿಂದಲೇ ಬೀಜವನ್ನು ಬೆಂಕಿಗೆ ಹಾಕಿಸುತ್ತಾರೆ. ಮರುದಿನ ಬೆಳಿಗ್ಗೆ ಸೈರನ್ನು ಕೂಗುತ್ತದೆ, ಅವಳು ಎಲ್ಲರ ಜೊತೆ ಸಾಲಿನಲ್ಲಿ ಕಾರ್ಖಾನೆಗೆ ನಡೆಯುತ್ತಾಳೆ. ಮುಗಿಯಿತು. ನಿಮ್ಮ ಬೆರಳು ಕಾಳಿನ ಮೇಲೆ ನಿಂತಿತ್ತು. "ಇಷ್ಟೇನಾ?" ಅಂದಿರಿ. ಇಷ್ಟೇ ಅತ್ತೆ ಅಂದೆ. "ಬೀಜಾನೇ ಸುಟ್ಟಮೇಲೆ ಮಂಗಳ ಎಲ್ಲಿಂದ ತರ್ಲಿ?" ನಿಮ್ಮ ಮುಖ ನೋಡಿ ನನಗೆ, ದೇವರಾಣೆಗೂ, ಒಳಗೊಳಗೇ ಗೆದ್ದೆ ಅನ್ನಿಸಿತು. ಒಂದೇ ಗಳಿಗೆ. ಆಮೇಲೆ ಸಂಕಟವಾಯಿತು.

ಮರುದಿನ ಮಂಡಿಯಲ್ಲಿ, ಚಿನ್ನಮ್ಮ ಮನೆಯಿಂದ ಹೊರಡುವ ಹೊತ್ತಿಗೆ, ನೀವು ನಿಮ್ಮ ಮಗನ ಕಡೆ ಕೈ ಎತ್ತಿದಿರಿ. ನಿಲ್ಲಿಸು. ಮಂಡಿ ನೋಯುತ್ತಿದೆ, ಕೂರಲಾಗುತ್ತಿಲ್ಲ, ಉಳಿದದ್ದು ಮುಂದಿನ ಭಾನುವಾರ ಎಂದು ಜನಕ್ಕೆ ಹೇಳಿದಿರಿ. ಜನ ಪಾಪ, ಎಣ್ಣೆ ಹಚ್ಚಿಕೊಳ್ಳಿ ಎಂದು ಹೇಳಿ ಎದ್ದರು. ನಿಮಗೆ ಯಾವ ಮಂಡಿಯೂ ನೋಯುತ್ತಿರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ನನಗಿಂತ ಮುಂದೆ ನಡೆಯುತ್ತಿದ್ದಿರಿ. ಕೇಳಿದ್ದಕ್ಕೆ, "ಒಂದ್ ವಾರ ಟೈಮ್ ಕೊಡೇ. ಹುಡುಕ್ತೀನಿ. ಎಲ್ಲೋ ಇರ್ತದೆ" ಅಂದಿರಿ. ಸಿನಿಮಾದಲ್ಲಿ ಇಲ್ಲದ್ದನ್ನು ಎಲ್ಲಿ ಹುಡುಕುತ್ತೀರಿ ಎಂದು ನಾನು ನಕ್ಕೆ.

ಮಂಗಳವಾರ ನೀವು ತಾಯಕ್ಕನ ಮನೆಗೆ ಬೇಳೆ ಸಾರು ಕಳಿಸಿದಿರಿ, ನಿಮ್ಮ ಹೆಸರು ಕೆತ್ತಿಸಿದ ಆ ಸ್ಟೀಲ್ ಬಟ್ಟಲಿನಲ್ಲಿ. ನಾನೇ ಕೊಟ್ಟು ಬಂದೆ. ಬುಧವಾರ ಬೆಳಿಗ್ಗೆ ಜಗಲಿಯ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದವರು, ಕಾಫಿ ತಂದು ಕರೆದರೆ ತಿರುಗಲಿಲ್ಲ. ಬಂದವರೆಲ್ಲ ಪುಣ್ಯವಂತೆ, ಯಾರಿಗೂ ತೊಂದರೆ ಕೊಡದೆ ಹೋದರು ಎಂದು ಹೇಳಿದರು. ನನಗೆ ಕೋಪ ಬಂತು. ಸ್ವಲ್ಪ ತೊಂದರೆ ಕೊಡಬಹುದಿತ್ತು, ಅತ್ತೆ. ನಾಲ್ಕು ದಿನ ಮಲಗಿ, ಗಂಜಿ ಸರಿಯಿಲ್ಲ ಎಂದು ಬೈದು, ಕಾಲು ಒತ್ತಿಸಿಕೊಂಡು... ನನಗೆ ಅಷ್ಟೂ ಕೊಡದೆ ಹೋದಿರಿ. ಅವತ್ತು ಆ ಕಾಫಿಯನ್ನು ಎಲ್ಲಿಟ್ಟೆ ಎಂಬುದು ನನಗೆ ಇವತ್ತಿಗೂ ನೆನಪಾಗುತ್ತಿಲ್ಲ.

ಮೂರನೆಯ ದಿನದ ಹಾಲುತುಪ್ಪ ಮುಗಿದ ಸಂಜೆ ತಾಯಕ್ಕ ಬೀದಿಯ ಹೆಂಗಸರನ್ನು ಕರೆದುಕೊಂಡು ಬಂದರು. ಅಳು ಮುಗಿದಿತ್ತು, ಏನೋ ಹೇಳಲಿಕ್ಕಿದೆ ಎಂದು ಗೊತ್ತಾಗುತ್ತಿತ್ತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ತಾಯಕ್ಕ, "ಕಥೆ ಅರ್ಧಕ್ಕೆ ನಿಂತೈತಲ್ಲಮ್ಮ" ಅಂದರು. ನನಗೆ ಮೊದಲು ಅರ್ಥವಾಗಲಿಲ್ಲ. "ಪುರಾಣ ತೆಗೆದ್ಮೇಲೆ ಮಂಗಳ ಆಗ್ದೆ ಮುಚ್ಚಬಾರದು. ಮುಚ್ಚಿದ್ರೆ ಹೇಳ್ದೋರು ದಾರೀಲೇ ನಿಂತ್ಬಿಡ್ತಾರೆ, ಆ ಕಡೆನೂ ಇಲ್ಲ ಈ ಕಡೆನೂ ಇಲ್ಲ. ನಾಗಕ್ಕ ಅಂಗ್ ನಿಲ್ಲಬಾರದು." ಇದು ಪುರಾಣವಲ್ಲ, ಸಿನಿಮಾ ಎಂದು ಹೇಳಲು ಬಾಯಿ ತೆರೆದೆ. ಅವರ ಕಣ್ಣು ನೋಡಿ ಮುಚ್ಚಿದೆ. ಟೇಕಲ್ಲಿನ ರೈಲ್ವೆ ಸ್ಟೇಷನ್ ಮಾಸ್ಟರ ಮಗಳು ನಾನು, ಇಂಥದ್ದನ್ನೆಲ್ಲ ನಂಬಿ ಬೆಳೆದವಳಲ್ಲ. ನಂಬುವುದಿಲ್ಲ ಈಗಲೂ. ಆದರೆ ಅವತ್ತಿನಿಂದ ನಿಮ್ಮ ಫೋಟೋದ ಮುಂದೆ ದೀಪ ಹಚ್ಚುವಾಗೆಲ್ಲ, ನೀವು ಎಲ್ಲೋ ಒಂದು ದಾರಿಯಲ್ಲಿ, ಹವಾಯಿ ಚಪ್ಪಲಿ ಹಾಕಿಕೊಂಡು, ಹಿಂದೆ ತಿರುಗಿ ನೋಡುತ್ತಾ ನಿಂತ ಹಾಗೆ ಕಾಣುತ್ತಿತ್ತು. ಏನು ಮಾಡಲಿ?

ತಿಥಿ ಮುಗಿದ ಮೇಲಿನ ಭಾನುವಾರ ಎಂದು ಗೊತ್ತುಮಾಡಿದೆವು. ಶನಿವಾರ ಮಧ್ಯಾಹ್ನ ಅಭ್ಯಾಸಬಲದಿಂದ ಸ್ಟೂಲಿನ ಮೇಲೆ ಲ್ಯಾಪ್‌ಟಾಪು ಇಟ್ಟೆ. ಎದುರಿಗೆ ಒಬ್ಬಳೇ. ಅವರೆ ಮುಗಿದಿತ್ತು, ಕೈಗೆ ಕೆಲಸವಿರಲಿಲ್ಲ. ಉಳಿದರ್ಧ ನೋಡಿದೆ. ಬೀಜ ಮತ್ತೆ ಸುಟ್ಟಿತು. ನಿಮ್ಮ ಬದಲು ನಾನೇ ಮಂಗಳ ಹುಡುಕಿದೆ, ಅತ್ತೆ, ನಗಬೇಡಿ. ಕಾವಲುಗಾರನ ಮನಸ್ಸು ಕರಗಿತು ಎನ್ನೋಣವೇ? ನೀವಾಗಿದ್ದರೆ, ಕಾವಲುಗಾರರ ಮನಸ್ಸು ಕರಗಿದ್ದನ್ನು ಎಲ್ಲಿ ನೋಡಿದ್ದೀಯ ಎನ್ನುತ್ತಿದ್ದಿರಿ. ಗೋಡೆ ಬಿದ್ದುಹೋಯಿತು ಎನ್ನೋಣವೇ? ಅದಕ್ಕೂ ನೀವು ಒಪ್ಪುವವರಲ್ಲ. ನಿಮ್ಮ ಮಂಗಳಗಳು ಯಾವತ್ತೂ ಅಷ್ಟು ದೊಡ್ಡವಾಗಿರಲಿಲ್ಲ. ಒಂದು ಚಿಟಿಕೆ ಉಪ್ಪಿನಷ್ಟೇ ಇರುತ್ತಿದ್ದವು. ನನಗೆ ಅದು ಸಿಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಮುಗಿಸುತ್ತೇನೆ, ಅವರು ಬೇಕಾದರೆ ಬೈಯಲಿ ಎಂದುಕೊಂಡೆ. ದಾರಿಯಲ್ಲಿ ನಿಂತಿದ್ದ ನಿಮ್ಮ ಕಡೆ ನೋಡಲಿಲ್ಲ.

ಭಾನುವಾರ ಮಂಡಿ ತುಂಬಿತ್ತು. ನಿಮ್ಮ ಕುರ್ಚಿಯನ್ನು ಯಾರೋ ಒರೆಸಿ ಅದರ ಜಾಗದಲ್ಲೇ ಇಟ್ಟಿದ್ದರು, ನಾನು ಪಕ್ಕದಲ್ಲಿ ನಿಂತೆ. ಮೈಕು ಹಿಡಿದಾಗ ಬಂದದ್ದು ತರಗತಿಯ ದನಿ. ಹಿಂದಿನ ವಾರ ಎಂದು ಶುರುಮಾಡಿ ತಡೆದೆ. 'ಕೆಟ್ಟೂರಲ್ಲಿ' ಎಂಬ ಮಾತು ತಾನಾಗಿ ಬಂತು. ಅಷ್ಟು ದಿನ ನಾನು ಕಥಾನಾಯಕಿ ಎಂದು ಹೇಳುತ್ತಿದ್ದವಳು ಚಿನ್ನಮ್ಮನಾದಳು. ಚಿನ್ನಮ್ಮ ನಡೆದಳು, ಸಿಕ್ಕಿಬಿದ್ದಳು, ಬೀಜ ಬೆಂಕಿಗೆ ಬಿತ್ತು, ಸೈರನ್ನು ಕೂಗಿತು. ನಿಮ್ಮ ಮಗ ಟ್ಯೂಬ್‌ಲೈಟು ಹಾಕಿದರು. ಯಾರೂ ಏಳಲಿಲ್ಲ.

ಮುಗಿಯಿತು ಅಂದೆ. ಯಾರೂ ಏಳಲಿಲ್ಲ, ಅತ್ತೆ. ಬೈಯಲೂ ಇಲ್ಲ. ಸುಮ್ಮನೆ ನನ್ನ ಮುಖ ನೋಡುತ್ತಾ ಕೂತಿದ್ದರು, ಎಲೆ ಹಾಕಿಸಿಕೊಂಡು ಬಡಿಸುವುದಕ್ಕೆ ಕಾಯುವವರ ಹಾಗೆ. "ಅತ್ತೆ ಇದಕ್ಕೆ ಮಂಗಳ ಹುಡುಕ್ತಾ ಇದ್ರು. ಸಿಗೋಕೆ ಮುಂಚೆ ಹೊರಟುಹೋದ್ರು. ನನಗೂ ಸಿಗಲಿಲ್ಲ" ಅಂದೆ, ಮೈಕಿನಲ್ಲೇ. ಆಮೇಲೆ ಅತ್ತುಬಿಟ್ಟೆ. ನೀವು ಹೋದ ದಿನ ಬರದ ಅಳು, ಶ್ರೀನಿವಾಸಪುರದ ಅರ್ಧ ಊರಿನ ಮುಂದೆ, ಸ್ಪೀಕರಿನಲ್ಲಿ ಬಂತು. ನಿಮ್ಮ ಮಗ ಎದ್ದು ಬರುವ ಹೊತ್ತಿಗೆ ತಾಯಕ್ಕ ಕೂತಲ್ಲಿಂದಲೇ ಕೇಳಿದರು.

"ಅದಿರ್ಲಮ್ಮ. ಆ ಬಟ್ಟಲು ಏನಾಯ್ತು?"

ಯಾವ ಬಟ್ಟಲು ಎಂದೆ. ನನಗೆ ಯಾವ ಬಟ್ಟಲೂ ಗೊತ್ತಿರಲಿಲ್ಲ. "ಹೋದ್ಸಲ ಬಂತಲ್ಲ. ಲಂಗ ಹೊಲಿಯೋಕ್ ಮುಂಚೆ ಚಿನ್ನಮ್ಮ ಒಂದು ಬಟ್ಟಲಿಗೆ ಬಟ್ಟೆ ಮುಚ್ಕೊಂಡು ಪಕ್ಕದ ಮನೆಗೆ ಹೋದ್ಲು. ಬರುವಾಗ ಬರೀ ಕೈಲಿ ಬಂದ್ಲು." ಹಿಂದಿನಿಂದ ಹೌದು ಹೌದು ನಾವೂ ನೋಡಿದ್ದೀವಿ ಅಂದರು. ನಾನು ನಿಮ್ಮ ಮಗನ ಮುಖ ನೋಡಿದೆ. ಅವರು ಸಿನಿಮಾವನ್ನು ಹಿಂದಕ್ಕೆ ಓಡಿಸಿದರು. ಇತ್ತು! ಒಂದು ಉಸಿರಿನಷ್ಟು ಹೊತ್ತಿನ ದೃಶ್ಯ. ಬಾಗಿಲು ತೆರೆಯುತ್ತದೆ, ಒಂದು ಕೈ ಬಟ್ಟಲು ತೆಗೆದುಕೊಳ್ಳುತ್ತದೆ, ಬಾಗಿಲು ಮುಚ್ಚುತ್ತದೆ. ಚಿನ್ನಮ್ಮ ಕೈ ಒರೆಸಿಕೊಳ್ಳುತ್ತಾ ಹಿಂದಿರುಗುತ್ತಾಳೆ. ಒಂದು ಮಾತಿಲ್ಲ, ಕೆಳಗೆ ಒಂದು ಅಕ್ಷರವಿಲ್ಲ. ಮಾತಿಲ್ಲದ ಕಡೆ ನನಗೆ ಹೇಳುವುದಕ್ಕೇನಿತ್ತು? ಅವರೆಕಾಳಿಗೆ ಬಗ್ಗಿದ್ದೆ. ನಾನು ಬಾಯಿ ಮುಚ್ಚಿದರೆ ನೀವೂ ಬೇಸಿನ್ನಿಗೆ ಬಗ್ಗುತ್ತಿದ್ದಿರಿ. ಮಂಡಿಯಲ್ಲೋ, ನೀವು ಜನದ ಕಡೆ ಮುಖ ಮಾಡಿ ಹೇಳುತ್ತಿದ್ದಿರಿ, ನಾನು ನಿಮ್ಮ ಮೇಲೆ ಕಣ್ಣಿಟ್ಟಿದ್ದೆ. ಇಡೀ ಊರು ನೋಡಿದ್ದನ್ನು ಕಥೆ ಹೇಳುವ ನಾವಿಬ್ಬರೇ ನೋಡಿರಲಿಲ್ಲ. ಎಲ್ಲೋ ಇರ್ತದೆ ಎಂದು ಹೇಳಿದಿರಲ್ಲ? ಇತ್ತು ಅತ್ತೆ. ಬೇಳೆ ಹಿತಕುವಾಗ ತಪ್ಪಿಸಿಕೊಂಡಿತ್ತು.

ತಾಯಕ್ಕ ದನಿ ತಗ್ಗಿಸಿದರು, ಆದರೂ ಎಲ್ಲರಿಗೂ ಕೇಳಿಸಿತು. "ನಿಮ್ಮತ್ತೆ ಬಟ್ಟಲು ನಮ್ಮನೇಲೇ ಕೂತೈತೆ ಕಣಮ್ಮ. ಖಾಲಿ ಕೊಡೋಂಗಿಲ್ಲ, ಸೂತಕದ ಮನೆಗೆ ತುಂಬಿ ತರೋಂಗಿಲ್ಲ. ದಿನಾ ಅದನ್ನ ನೋಡ್ದಾಗೆಲ್ಲ ಈ ಚಿನ್ನಮ್ಮನ ಬಟ್ಟಲೇ ಗ್ಯಾಪಕ ಬರೋದು."

ನಾನು ಮದುವೆಯಾಗಿ ಬಂದ ಹೊಸದರಲ್ಲಿ ಯಾರದೋ ಮನೆಯ ಪಾತ್ರೆಯನ್ನು ತೊಳೆದು ಹಾಗೇ ವಾಪಸು ಕೊಡಲು ಹೊರಟಿದ್ದೆ. ನೀವು ಬಾಗಿಲಲ್ಲಿ ಅಡ್ಡ ನಿಂತು, ಖಾಲಿ ಪಾತ್ರೆ ಕೊಟ್ಟರೆ ಇನ್ನು ನಿಮ್ಮ ಸಹವಾಸ ಸಾಕು ಎಂದ ಹಾಗಾಗುತ್ತದೆ ಕಣೇ ಎಂದು ಒಂದು ಹಿಡಿ ಸಕ್ಕರೆ ಹಾಕಿದ್ದಿರಿ. ಅದು ನೆನಪಾಯಿತು. ಮೈಕು ನನ್ನ ಕೈಯಲ್ಲೇ ಇತ್ತು. ಪರದೆಯ ಮೇಲೆ ಆ ಮುಚ್ಚಿದ ಬಾಗಿಲು ನಿಂತಿತ್ತು. ಆಮೇಲೆ ನಾನು ಹೇಳಿದ್ದು ಇಷ್ಟು.

"ಕೆಟ್ಟೂರಿನ ದೊಡ್ಡೋರು ಚಿನ್ನಮ್ಮನ ಲಂಗ ಬಿಚ್ಚಿ ನೋಡಿದ್ರು. ಮನೆ ಅಗೆದು ನೋಡಿದ್ರು. ಸಿಕ್ಕಿದ್ದನ್ನೆಲ್ಲ ಸುಟ್ರು. ಪಕ್ಕದ ಮನೆ ಬಾಗಿಲು ಯಾರೂ ತಟ್ಟಲಿಲ್ಲ. ಬೆಳಿಗ್ಗೆ ಸೈರನ್ ಕೂಗ್ತು, ಚಿನ್ನಮ್ಮ ಸಾಲಲ್ಲಿ ಹೊರಟ್ಲು. ಅವಳ ಹಿಂದೆ ನಿಂತಿದ್ದೋಳು ಪಕ್ಕದ ಮನೆಯೋಳು. ಕಿವಿ ಹತ್ರ ಬಂದು ಒಂದೇ ಮಾತು ಹೇಳಿದ್ಲು. ನಿನ್ನ ಬಟ್ಟಲು ನಮ್ಮನೇಲೇ ಐತೆ ಕಣೇ. ಖಾಲಿ ಕೊಡಲ್ಲ."

ಅಷ್ಟೇ. ನಿಮ್ಮ ಹಾಗೆ ನಿಲ್ಲಿಸಲು ಬರಲಿಲ್ಲ. 'ಐತೆ' ಎಂದು ಹೇಳಿದ್ದು ನಾನೇನಾ ಎಂದು ನಿಮ್ಮ ಮಗ ಇನ್ನೂ ರೇಗಿಸುತ್ತಾರೆ. ಗೋವಿಂದಾ ಎನ್ನಲು ನನಗೆ ನಾಚಿಕೆಯಾಯಿತು. ತಾಯಕ್ಕನೇ ಎತ್ತಿಕೊಂಡರು. ಇಡೀ ಮಂಡಿ "ಗೋವಿಂದ" ಅಂದಿತು, ತಗಡಿನ ಮಾಡು ಗುಂಯ್‌ಗುಟ್ಟಿತು. ಆಮೇಲೆ ಜನ ಎದ್ದರು. ಹೊರಗೆ ಬಂದು ಬಾಗಿಲಲ್ಲಿ ನಿಂತು ನೋಡಿದೆ. ಬೀದಿದೀಪವಿಲ್ಲದ ಆ ರಸ್ತೆಯಲ್ಲಿ ಗುಂಪುಗುಂಪಾಗಿ, ಮೊಬೈಲಿನ ಬೆಳಕು ಹಿಡಿದುಕೊಂಡು, ಬಟ್ಟಲಿನಲ್ಲಿ ಯಾವ ಬೀಜ ಇದ್ದಿರಬಹುದು ಎಂದು ವಾದ ಮಾಡುತ್ತಾ ಹೋಗುತ್ತಿದ್ದರು. ಒಬ್ಬರು ರಾಗಿ ಅಂದರು, ಒಬ್ಬರು ಅವರೆ. ಯಾರಿಗೂ ಹೆದರಿಕೆ ಇದ್ದ ಹಾಗಿರಲಿಲ್ಲ. ಮಲಗಿದ ಹಾಗೂ ಇರಲಿಲ್ಲ, ಅತ್ತೆ. ಎಚ್ಚರವಾಗಿಯೇ ಇದ್ದರು. ಇದನ್ನು ನಾನು ನಿಮ್ಮೆದುರಿಗೆ ಒಪ್ಪಿಕೊಳ್ಳುತ್ತಿರಲಿಲ್ಲವೇನೋ, ಕಾಗದದಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ.

ಇವತ್ತು ಬೆಳಿಗ್ಗೆ ತಾಯಕ್ಕ ಬಟ್ಟಲು ತಂದುಕೊಟ್ಟರು. ಹುಣಸೆಹಣ್ಣು ಹಾಕಿ ಉಜ್ಜಿದ್ದರು, ನಿಮ್ಮ ಹೆಸರು ಫಳಫಳ ಅನ್ನುತ್ತಿತ್ತು. ಒಳಗೆ ಬಿತ್ತನೆಗೆ ಎತ್ತಿಟ್ಟ ಅವರೆ ಬೀಜ. ಅದನ್ನು, ಬೀಜ ಹುಳ ಹಿಡಿಯದಿರಲೆಂದು ನೀವು ಒಲೆಬೂದಿ ತುಂಬಿಟ್ಟಿದ್ದ ಗಡಿಗೆಯಲ್ಲಿ ಹಾಕಿಟ್ಟಿದ್ದೇನೆ, ಮಳೆ ಬಿದ್ದಾಗ ಹಿತ್ತಲಲ್ಲಿ ಹಾಕುತ್ತೇನೆ. ಬಟ್ಟಲನ್ನು ಕಪಾಟಿನಲ್ಲಿ, ನಿಮ್ಮ ಸೀರೆಗಳ ಪಕ್ಕ ಜೋಪಾನವಾಗಿಡಬೇಕೆಂದು ಎತ್ತಿಕೊಂಡು ಹೋದೆ. ಬಾಗಿಲು ತೆರೆದವಳು ಹಾಗೇ ನಿಂತೆ. ತಿರುಗಿ ಬಂದು, ಮಾಡಿದ್ದ ಉಪ್ಪಿಟ್ಟನ್ನೇ ಅದಕ್ಕೆ ತುಂಬಿ ತಾಯಕ್ಕನ ಮನೆಗೆ ಕೊಟ್ಟು ಬಂದೆ. ಅದು ಅಲ್ಲೇ ಇರಲಿ. ಅವರು ತುಂಬಿ ಕೊಡಲಿ, ನಾನು ತುಂಬಿ ಕೊಡುತ್ತೇನೆ. ನಿಮ್ಮ ಹೆಸರು ಒಂದು ಮನೆಯಲ್ಲಿ ಕೂರದೆ ಓಡಾಡಿಕೊಂಡಿರಲಿ. ಉಪ್ಪು ಸ್ವಲ್ಪ ಕಮ್ಮಿಯಾಗಿತ್ತು.

ಅತ್ತೆ, ನಾನು ನಂಬುವುದಿಲ್ಲ, ಆದರೂ ಹೇಳುತ್ತೇನೆ. ಆ ದಾರಿಯಲ್ಲಿ ಇನ್ನೂ ನಿಂತಿದ್ದರೆ, ಇನ್ನು ನಿಲ್ಲಬೇಡಿ. ಮಂಗಳ ಆಯಿತು. ಕೈಯಲ್ಲಿ ಏನೂ ಇಲ್ಲದೆ ನಿಮ್ಮನ್ನು ಕಳಿಸುತ್ತಿಲ್ಲ. ಕತ್ತಲಿದ್ದರೆ ಹೆದರಬೇಡಿ, ನಿಧಾನವಾಗಿ ನಡೆಯಿರಿ.

ಕಥೆ ಕಂಚಿಗೆ ಹೋಯಿತು. ನೀವಿನ್ನು ಮನೆಗೆ.

ನಿಮ್ಮ
ಅಮ್ಮಾಯಿ